ಮಗಳು ಗಿಡ್ಡ ಇದ್ದಾಳೆ, ಪೌಡರ್ ಕೊಡಲೇ?

ಪ್ರಶ್ನೆ: ನಮ್ಮದು ಕುಮಟಾ ಹತ್ತಿರದ ಹಳ್ಳಿ. ಮಗಳಿಗೆ 9 ವರ್ಷ. ಪ್ರಾರ್ಥನೆಯ ಸಾಲಿನಲ್ಲಿ ಯಾವಾಗಲೂ ಇವಳೇ ಮುಂದೆ. ಹೋದ ವರ್ಷ ಶಾಲೆಯಲ್ಲಿ ಅಳೆದಾಗ 115 ಸೆಂ.ಮೀ. ಇದ್ದಳು, ಈ ವರ್ಷ 118. ನಾನು 152, ಇವರು 166. ‘ನಮ್ಮನೆಯವರೆಲ್ಲ ಗಿಡ್ಡವೇ, ಸುಮ್ನೆ ಬಿಡು’ ಅಂತಾರೆ ಅತ್ತೆ. ಎತ್ತರ ಹೆಚ್ಚಿಸುವ ಪೌಡರ್ ಕೊಡಬಹುದಾ ಡಾಕ್ಟ್ರೇ?

ಉತ್ತರ: ಅತ್ತೆಯವರ ಮಾತು ಪೂರ್ತಿ ಸುಳ್ಳಲ್ಲ. ಗಿಡ್ಡ ಇರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಕಾಯಿಲೆ ಏನೂ ಇರುವುದಿಲ್ಲ. ಅಪ್ಪ ಅಮ್ಮನ ಎತ್ತರ ಕೂಡಿಸಿ, ಹೆಣ್ಣುಮಗುವಾದರೆ 13 ಕಳೆದು, ಗಂಡಾದರೆ 13 ಸೇರಿಸಿ, ಅರ್ಧ ಮಾಡಿ. ನಿಮ್ಮ ಮಗಳಿಗೆ 152.5 ಬರುತ್ತದೆ. ದೊಡ್ಡವಳಾದಾಗ ಇದರಿಂದ 8 ಸೆಂ.ಮೀ. ಆಚೀಚೆ ಇದ್ದರೂ ಸರಿಯೇ.

ಆದರೆ ವರ್ಷಕ್ಕೆ ಬರೀ 3 ಸೆಂ.ಮೀ. ಅಂದರೆ ಕಡಿಮೆಯಾಯಿತು. 4 ವರ್ಷದಿಂದ ಮೈನೆರೆಯುವ ಹೊತ್ತಿನ ತನಕ ಮಕ್ಕಳು ವರ್ಷಕ್ಕೆ 5–6 ಸೆಂ.ಮೀ. ಬೆಳೆಯುತ್ತಾರೆ. ಮನೆತನದಿಂದ ಗಿಡ್ಡ ಇರುವ ಮಕ್ಕಳೂ ಹೆಚ್ಚುಕಡಿಮೆ ಇಷ್ಟು ಬೆಳೆಯುತ್ತಲೇ ಇರುತ್ತಾರೆ. 4ಕ್ಕಿಂತ ಕಡಿಮೆಯಾದರೆ ಮನೆತನದ ಮೇಲೆ ಹಾಕಿ ಕೂರಬಾರದು.

ಅಳತೆಯೇ ತಪ್ಪಿರಲೂಬಹುದು. ಒಮ್ಮೆ ಚಪ್ಪಲಿ ಹಾಕಿ, ಇನ್ನೊಮ್ಮೆ ಬಿಟ್ಟು ಅಳೆದರೆ ಲೆಕ್ಕವೆಲ್ಲ ಹೋಯಿತು, ಅಲ್ವಾ? ಬೆಳಿಗ್ಗೆ ಮನೆಯಲ್ಲೇ ಅಳೆಯಿರಿ. ಸಂಜೆಯಾಗುವಾಗ ಯಾರೇ ಆದರೂ ತುಸು ಗಿಡ್ಡ ಆಗಿರುತ್ತಾರೆ. ಜುಟ್ಟು, ಕ್ಲಿಪ್ ತೆಗೆದು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ. ಹಿಮ್ಮಡಿ, ಬೆನ್ನು ಗೋಡೆಗೆ ತಾಗಲಿ, ನೋಟ ನೇರ ಇರಲಿ. ತಲೆ ಮೇಲೆ ದಪ್ಪ ರಟ್ಟಿನ ಪುಸ್ತಕ ಇಟ್ಟು, ಅದರ ಅಡಿಗೆ ಪೆನ್ಸಿಲ್ ಗೆರೆ ಎಳೆಯಿರಿ.

ಹಾಗಂತ ಇನ್ನೊಂದು ವರ್ಷ ಅಳೆಯುತ್ತಾ ಕೂರಬೇಡಿ. ತಾಯಿ ಕಾರ್ಡ್, ಶಾಲೆಯಲ್ಲಿ ಬರೆದಿಟ್ಟ ಹಳೆಯ ಅಳತೆ ಎಲ್ಲ ತೆಗೆದುಕೊಂಡು ಮಕ್ಕಳ ಡಾಕ್ಟರ ಹತ್ತಿರ ಹೋಗಿ. ನನಗಂತೂ ಯಾವ ಸ್ಕ್ಯಾನ್‌ಗಿಂತ ಆ ಹಳೆಯ ಅಂಕಿಗಳೇ ಮೊದಲು ಬೇಕು. ರಕ್ತದಲ್ಲಿ ಥೈರಾಯ್ಡ್, ಕಿಡ್ನಿ, ರಕ್ತಹೀನತೆ ನೋಡುತ್ತಾರೆ. ಎಡಗೈಯ ಎಕ್ಸ್‌ರೇ ತೆಗೆದರೆ ಮೂಳೆಯ ವಯಸ್ಸು, ಅಂದರೆ ಮೂಳೆ ಎಷ್ಟು ಬಲಿತಿದೆ ಎಂಬುದು ಗೊತ್ತಾಗುತ್ತದೆ. ಥೈರಾಯ್ಡ್ ಕಡಿಮೆಯಿದ್ದರೆ ದಿನಕ್ಕೊಂದು ಮಾತ್ರೆ ಸಾಕು, ನಿಂತ ಬೆಳವಣಿಗೆ ಮತ್ತೆ ಶುರುವಾಗುತ್ತದೆ.

ಹೆಣ್ಣುಮಕ್ಕಳಲ್ಲಿ ಟರ್ನರ್ ಸಿಂಡ್ರೋಮ್ ಎಂಬುದೊಂದಿದೆ. ಎರಡು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ (ಜೀವಕೋಶದೊಳಗಿನ ವಂಶವಾಹಿ ಎಳೆಗಳಲ್ಲಿ) ಒಂದು ಇರುವುದಿಲ್ಲ, ಇಲ್ಲವೇ ಅರೆಬರೆ ಇರುತ್ತದೆ. ಗಿಡ್ಡ ಇರುವುದು ಬಿಟ್ಟರೆ ಬೇರೆ ಲಕ್ಷಣ ಕಾಣದೆಯೂ ಇರಬಹುದು. ಹಾಗಾಗಿ ಕ್ರೋಮೋಸೋಮ್ ಪರೀಕ್ಷೆ ಬರೆದುಕೊಟ್ಟರೆ ಗಾಬರಿ ಬೀಳಬೇಡಿ. ಟರ್ನರ್ ಇದ್ದರೆ ಅಥವಾ ಬೆಳವಣಿಗೆಯ ಹಾರ್ಮೋನೇ ಕಡಿಮೆಯಿದ್ದರೆ ದಿನವೂ ಹಾರ್ಮೋನ್ ಇಂಜೆಕ್ಷನ್ ಬೇಕಾಗಬಹುದು. ದುಬಾರಿ ಹೌದು. ಬೆಳೆಯುವ ವಯಸ್ಸು ಮುಗಿದು ಮೂಳೆಯ ತುದಿ ಕೂಡಿಕೊಂಡ ಮೇಲೆ ಕೊಟ್ಟರೆ ಎತ್ತರ ಬರುವುದಿಲ್ಲ.

ಪೌಡರ್ ಬೇಡ. ಅದರಲ್ಲಿ ಸಕ್ಕರೆಯೇ ಜಾಸ್ತಿ. ಆ ದುಡ್ಡಿಗೆ ಮೊಟ್ಟೆ, ಬಂಗಡೆ, ಹೆಸರುಕಾಳು ತನ್ನಿ.

ಮಗಳಿಗೆ ಪದೇ ಪದೇ ತಲೆನೋವು, ಬೆಳಿಗ್ಗೆ ಎದ್ದಕೂಡಲೇ ವಾಂತಿ, ಕಣ್ಣು ಮಂಜು ಇವುಗಳಲ್ಲಿ ಯಾವುದಾದರೂ ಇದ್ದರೆ ಮಾತ್ರ ನಾಳೆಯೇ ಹೊರಡಿ.