ಓದುಗರ ಪ್ರಶ್ನೆ: ಆ ಆಕ್ಷೇಪಣೆಗೆ ಸಹಿ ಹಾಕಲಾ, ಬೇಡ್ವಾ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಮನೆ ಹಾಸನದ ಹೊರಗಡೆ ಒಂದು ಬಡಾವಣೆಯಲ್ಲಿದೆ. ಪಕ್ಕದಲ್ಲೇ ನಾಲ್ಕು ಎಕರೆ ಹೊಲ. ಮಾಸ್ಟರ್ ಪ್ಲಾನ್‌ನಲ್ಲಿ ಅದು ಕೃಷಿ ವಲಯ. ಈಗ ಅದನ್ನು ವಸತಿ ವಲಯಕ್ಕೆ ಬದಲಾಯಿಸಿ, ಕಡಿಮೆ ಆದಾಯದವರಿಗೆ 160 ಮನೆ ಕಟ್ಟುತ್ತಾರಂತೆ. ಪೇಪರಿನಲ್ಲಿ ಪ್ರಕಟಣೆಯೂ ಬಂದಿದೆ. ನಮಗೆ ಈಗಲೇ ನಾಲ್ಕು ದಿನಕ್ಕೊಮ್ಮೆ ನೀರು. ಮಳೆಗಾಲದಲ್ಲಿ ಚರಂಡಿ ಉಕ್ಕಿ ಗೇಟಿನವರೆಗೂ ಬರುತ್ತದೆ. ಬೀದಿಯವರೆಲ್ಲ ‘ಈ ಮನೆಗಳು ಬೇಡ’ ಅಂತ ಅರ್ಜಿ ಬರೆದು ಸಹಿ ಹಾಕಿಸುತ್ತಿದ್ದಾರೆ. ನನ್ನ ತಂಗಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಗಂಡ, ಎರಡು ಮಕ್ಕಳ ಜೊತೆ ಒಂದೇ ರೂಮಿನ ಶೀಟಿನ ಮನೆಯಲ್ಲಿ ಬಾಡಿಗೆಗಿದ್ದಾಳೆ. ಅವಳಿಗೆ ಇಂಥ ಮನೆಯೇ ಬೇಕು. ನಾನೇನು ಮಾಡಲಿ?
(ಹೆಸರು ಬೇಡ, ಹಾಸನ)

ಉತ್ತರ: ಆ ಕಾಗದಕ್ಕೆ ಸಹಿ ಹಾಕಬೇಡಿ ತಾಯಿ. ನಿಮ್ಮದೇ ಬೇರೆ ಕಾಗದ ಬರೆಯಿರಿ. ಬೀದಿಯವರ ಭಯ ಸುಳ್ಳಲ್ಲ. ಆದರೆ ‘ಮನೆಗಳೇ ಬೇಡ’ ಅಂತ ಬರೆದರೆ ನಿಮ್ಮ ನಲ್ಲಿಗೆ ಒಂದು ಕೊಡ ನೀರೂ ಜಾಸ್ತಿ ಬರುವುದಿಲ್ಲ.

ನನ್ನ ಸರ್ವೀಸೆಲ್ಲ ಕುಡಿಯುವ ನೀರಿನ ಕೆಲಸದಲ್ಲೇ ಕಳೆಯಿತು. ಹಾಗಾಗಿ ಮೊದಲು ಲೆಕ್ಕ ನೋಡೋಣ. ಮನೆಗೆ ನಾಲ್ಕೂವರೆ ಜನ ಅಂತ ಹಿಡಿದರೆ 160 ಮನೆಗೆ 720 ಜನ. ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಕೊಡಬೇಕು ಅನ್ನುವುದು ಕೇಂದ್ರದ ಮಾನದಂಡ. ಒಟ್ಟು ದಿನಕ್ಕೆ ಒಂದು ಲಕ್ಷ ಲೀಟರ್ ಹತ್ತಿರ. ಕೇಳಿದರೆ ಗಾಬರಿಯಾಗುತ್ತದೆ, ಅಲ್ವಾ? ಆದರೆ ಹಾಸನಕ್ಕೆ ನೀರು ಬರುವುದು ಹೇಮಾವತಿಯಿಂದ. ಗೊರೂರು ಜಲಾಶಯ ತುಂಬಿದರೆ 37 ಟಿಎಂಸಿ. ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ಈ 160 ಮನೆಗೆ ವರ್ಷಕ್ಕೆ ಬೇಕಾಗುವುದು ನಾಲ್ಕು ಕೋಟಿ ಲೀಟರಿಗಿಂತ ಕಡಿಮೆ. ತುಮಕೂರು, ಮಂಡ್ಯದ ಕಡೆ ಹೋಗುವ ಪಾಲನ್ನು ತೆಗೆದಿಟ್ಟರೂ ಇದು ಲೆಕ್ಕಕ್ಕೇ ಸಿಗದಷ್ಟು ಸಣ್ಣದು.

ಹೊಳೆಯಲ್ಲಿ ನೀರಿದ್ದೂ ನಿಮ್ಮ ಮನೆಗೆ ನಾಲ್ಕು ದಿನಕ್ಕೊಮ್ಮೆ ಬರುತ್ತಿದೆ ಅಂದರೆ ಕೊರತೆ ಇರುವುದು ಪಂಪಿನಲ್ಲಿ, ಪೈಪಿನಲ್ಲಿ, ಓವರ್‌ಹೆಡ್ ಟ್ಯಾಂಕಿನಲ್ಲಿ. ಇರುವ ಒಂದೇ ಟ್ಯಾಂಕಿನ ನೀರನ್ನು ವಾಲ್ವ್‌ಮ್ಯಾನ್ ಸರದಿ ಪ್ರಕಾರ ಬೀದಿಬೀದಿಗೆ ಹಂಚುತ್ತಾನೆ. ಅದೇ ಲೈನಿಗೆ ಇನ್ನೂ 160 ಮನೆ ಸೇರಿದರೆ ನಿಮ್ಮ ನಾಲ್ಕು ದಿನ ಆರು ದಿನ ಆಗಬಹುದು. ಹಾಗಾಗಿ ನಿಮ್ಮ ಕಾಗದದಲ್ಲಿ ಮೊದಲ ಪ್ರಶ್ನೆ ಇದೇ ಇರಲಿ: ಈ ಮನೆಗಳಿಗೆ ನೀರು ಯಾವ ಟ್ಯಾಂಕಿನಿಂದ? ಅದರ ಅಳತೆ ಎಷ್ಟು, ಈಗ ಎಷ್ಟು ಸಂಪರ್ಕ ಇದೆ? ಹೊಸ ಟ್ಯಾಂಕ್ ಕಟ್ಟುವುದಾದರೆ ದುಡ್ಡು ಯಾರದು?

ಇನ್ನೊಂದು ಮಾತು. ಆ 720 ಜನ ಎಲ್ಲಿಂದಲೋ ಹೊಸದಾಗಿ ಇಳಿದು ಬರುವುದಿಲ್ಲ. ಬಹಳಷ್ಟು ಜನ ನಿಮ್ಮ ತಂಗಿಯ ಹಾಗೆ ಇದೇ ಊರಿನಲ್ಲಿದ್ದಾರೆ, ಇದೇ ಹೇಮಾವತಿ ನೀರು ಕುಡಿಯುತ್ತಿದ್ದಾರೆ. ಇಲ್ಲಿ ಬೇಡ ಅಂದರೆ ಯೋಜನೆ ಇನ್ನೂ ದೂರಕ್ಕೆ, ಜಮೀನು ಅಗ್ಗ ಇರುವ ಕಡೆಗೆ ಹೋಗುತ್ತದೆ. ಅಲ್ಲಿ ಸಿಟಿ ಬಸ್ ಇಲ್ಲ, ಶಾಲೆ ಹತ್ತಿರ ಇಲ್ಲ. ಸರ್ಕಾರ ಕಟ್ಟಿಕೊಟ್ಟ ಮನೆಗೆ ನೀರಿಲ್ಲ, ಬಸ್ಸಿಲ್ಲ ಅಂತ ಬೀಗ ಹಾಕಿ ಮತ್ತೆ ಬಾಡಿಗೆ ರೂಮಿಗೆ ಬಂದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನಗೆ ಅದು ಇವತ್ತಿಗೂ ಸಂಕಟ.

ನನ್ನನ್ನು ಕೇಳಿದರೆ ನಿಜವಾದ ತೊಂದರೆ ಕೊಳಚೆ ನೀರಿನದು. ಒಳಗೆ ಬಂದ ನೀರಿನಲ್ಲಿ ನೂರಕ್ಕೆ 80 ಭಾಗ ಕೊಳಚೆಯಾಗಿ ಹೊರಗೆ ಹೋಗುತ್ತದೆ. ಅಂದರೆ ದಿನಕ್ಕೆ 75 ಸಾವಿರ ಲೀಟರ್‌ಗೂ ಜಾಸ್ತಿ. ಯುಜಿಡಿ (ಊರಿನ ಒಳಚರಂಡಿ) ಲೈನ್ ಇಲ್ಲದೆ ನಾಲ್ಕು ಎಕರೆಯಲ್ಲಿ ಇಷ್ಟು ನೀರನ್ನು ಪಿಟ್ ತೋಡಿ ಇಂಗಿಸುತ್ತೇವೆ ಅಂದರೆ ನಂಬಬೇಡಿ. ಜೂನ್, ಜುಲೈ ಮಳೆಗೆ ನಮ್ಮ ಕಡೆ ಮಣ್ಣು ಮೊದಲೇ ನೆನೆದಿರುತ್ತದೆ, ಪಿಟ್ ಇಂಗುವುದಿಲ್ಲ. ಆಮೇಲೆ ಯಾರೋ ರಾತ್ರಿ ಹೊತ್ತು ಪೈಪನ್ನು ಮಳೆನೀರಿನ ಚರಂಡಿಗೆ ಬಿಡುತ್ತಾರೆ. ಅದು ನಿಮ್ಮ ಗೇಟಿನ ಮುಂದೆ ಉಕ್ಕಿ, ಕೊನೆಗೆ ಕೆರೆ ಸೇರುತ್ತದೆ. ಇದರಲ್ಲಿ ಮಾತ್ರ ರಾಜಿ ಬೇಡ. ಯುಜಿಡಿ ಜೋಡಣೆ ಆಗುವವರೆಗೆ ಓಸಿ (ವಾಸಕ್ಕೆ ಅನುಮತಿ ಕೊಡುವ ಪ್ರಮಾಣಪತ್ರ) ಕೊಡಬಾರದು, ಯಾರೂ ವಾಸಕ್ಕೆ ಬರಬಾರದು ಅಂತ ಸ್ಪಷ್ಟವಾಗಿ ಬರೆಯಿರಿ. ಕರೆಂಟಿನ ಚಿಂತೆ ಅಷ್ಟಿಲ್ಲ, ಟ್ರಾನ್ಸ್‌ಫಾರ್ಮರ್ ಹಾಕಿಸಿದರೆ ಮುಗಿಯಿತು.

ಬೀದಿಯವರು ಯಾರೂ ಗಮನಿಸದ ಒಂದು ವಿಷಯ ಇದೆ. ವಲಯ ಬದಲಾದರೆ ಜಾಗ ‘ವಸತಿ’ ಆಗುತ್ತದೆ, ಅಷ್ಟೇ. ಯಾರ ವಸತಿ ಅಂತ ಮಾಸ್ಟರ್ ಪ್ಲಾನ್ ನಕ್ಷೆಯ ಬಣ್ಣ ಹೇಳುವುದಿಲ್ಲ. ಬಡವರ ಹೆಸರಲ್ಲಿ ಬದಲಾವಣೆ ಮಾಡಿಸಿಕೊಂಡು, ನಾಳೆ 30×40 ಅಡಿಯ ಸೈಟ್ ಹೊಡೆದು ಮಾರ್ಕೆಟ್ ರೇಟಿಗೆ ಮಾರಿದರೆ ನಿಮ್ಮ ತಂಗಿಗೆ ಏನು ಸಿಕ್ಕಂತಾಯಿತು? ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವ ಕುಟುಂಬ ಆರ್ಥಿಕವಾಗಿ ದುರ್ಬಲ ವರ್ಗಕ್ಕೆ ಸೇರುತ್ತದೆ. ಇಂಥವರಿಗೆ ಎಷ್ಟು ಮನೆ ಅನ್ನುವುದು ಬದಲಾವಣೆಯ ಆದೇಶದಲ್ಲೇ ಷರತ್ತಾಗಿ ಬರಬೇಕು ಅಂತ ಕೇಳಿ. ಬಾಯಿಮಾತಿನ ಭರವಸೆ ಸಾಲದು.

ತಡ ಮಾಡಬೇಡಿ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14ಎ ಕಲಂ ಪ್ರಕಾರ ಇಂಥ ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಪೇಪರಿನಲ್ಲಿ ಪ್ರಕಟಿಸಬೇಕು, ಆಕ್ಷೇಪಣೆಗೆ ಕಡಿಮೆಯೆಂದರೆ 15 ದಿನ ಕೊಡಬೇಕು. ಒಪ್ಪಿಗೆ ಕೊಡುವುದು ರಾಜ್ಯ ಸರ್ಕಾರ. ಮಾಹಿತಿ ಹಕ್ಕಿನಲ್ಲಿ ಕೇಳಿ ಕಾದರೆ ಉತ್ತರಕ್ಕೆ 30 ದಿನ ಸಮಯ ಇರುತ್ತದೆ, ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ನೇರವಾಗಿ ನಗರಾಭಿವೃದ್ಧಿ ಪ್ರಾಧಿಕಾರದ ಕಚೇರಿಗೆ ಹೋಗಿ ಫೈಲು ತೋರಿಸಿ ಅಂತ ಕೇಳಿ. ಕಾಗದವನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ಸಾಧ್ಯವಾದರೆ ತಂಗಿಯಿಂದಲೂ ಒಂದು ಕಾಗದ ಕೊಡಿಸಿ. ಮನೆ ಬೇಕಾದವರು ಬರೆದ ಕಾಗದ ಇಂಥ ಫೈಲುಗಳಲ್ಲಿ ಸಿಗುವುದೇ ಅಪರೂಪ.

ಪ್ರಶ್ನೆ: ಸರ್, ನಮ್ಮಲ್ಲೂ ಇಂಥದ್ದೇ ಯೋಜನೆ ಬರುತ್ತಿದೆ. ಯುಜಿಡಿ ಲೈನ್ ದೂರ ಇದೆ, ಅದಕ್ಕೇ ಒಳಗೇ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಹಾಕುತ್ತೇವೆ ಅನ್ನುತ್ತಿದ್ದಾರೆ. ಒಪ್ಪಬಹುದಾ?
(ಒಬ್ಬ ಓದುಗ, ಚಿಕ್ಕಮಗಳೂರು)

ಉತ್ತರ: ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ. ಘಟಕ ಕಟ್ಟುವುದು ಸುಲಭ, ಓಡಿಸುವುದು ಕಷ್ಟ. ಗಾಳಿ ಊದುವ ಬ್ಲೋವರ್ ದಿನವಿಡೀ ತಿರುಗಬೇಕು, ನೋಡಿಕೊಳ್ಳಲು ಗೊತ್ತಿರುವ ಆಳು ಬೇಕು. ಕೂಲಿ ಮಾಡುವ ಮನೆಗಳ ಮೇಲೆ ಆ ಕರೆಂಟ್ ಬಿಲ್ ಬಿದ್ದರೆ ಕೆಲವೇ ತಿಂಗಳಲ್ಲಿ ಸ್ವಿಚ್ ಆಫ್ ಆಗುತ್ತದೆ. ಖರ್ಚು ಯಾರು, ಎಷ್ಟು ವರ್ಷ ಕೊಡುತ್ತಾರೆ ಅನ್ನುವುದನ್ನು ಒಪ್ಪಂದದಲ್ಲಿ ಬರೆಸಿ. ಮುಂದೆ ಊರಿನ ಲೈನ್ ಬಂದಾಗ ಸೇರಿಸುವುದಕ್ಕೆ ರಸ್ತೆಯವರೆಗೆ ಪೈಪನ್ನು ಈಗಲೇ ಹಾಕಿಸಿಡಿ.