ಸ್ಪ್ರಿಂಗ್‌ಡೇಲ್‌ನಲ್ಲಿ ಮನೆ ಮಾಡುವವರಿಗೆ

ಆತ್ಮೀಯ ಸಹೋದರಿ,

ದಾವಣಗೆರೆಯಿಂದ ನೀವು ಬರೆದ ಪತ್ರ ತಲುಪಿತು. ನಿಮ್ಮ ಯಜಮಾನರಿಗೆ ಅರ್ಕಾನ್ಸಾಸ್‌ನ ಬೆಂಟನ್‌ವಿಲ್‌ನಲ್ಲಿ ಕೆಲಸ ಸಿಕ್ಕಿ ಅವರು ಮುಂಚಿತವಾಗಿ ಬಂದಿರುವುದು, ಅಲ್ಲಿನ ಬಾಡಿಗೆ ಕೈಗೆಟುಕದೆ ಸ್ಪ್ರಿಂಗ್‌ಡೇಲ್‌ನಲ್ಲಿ ಮನೆ ಹಿಡಿದಿರುವುದು, ಆ ಬೀದಿಯಲ್ಲಿ ಹೆಚ್ಚಿನವರು ಸ್ಪ್ಯಾನಿಷ್ ಮಾತನಾಡುವ ಕುಟುಂಬದವರೇ ಆಗಿರುವುದು, “ಅಂಥ ಕಡೆ ಯಾಕೆ ಮನೆ ಮಾಡಿದಿರಿ” ಎಂದು ಸಹೋದ್ಯೋಗಿಯೊಬ್ಬರು ಹೆದರಿಸಿರುವುದು, ಇಷ್ಟೂ ತಿಳಿಯಿತು. ನೀವು ಕೇಳಿರುವ ಪ್ರಶ್ನೆಗಳು ಮೂರು: ಆ ಪ್ರದೇಶ ಮಕ್ಕಳಿರುವ ಸಂಸಾರಕ್ಕೆ ತಕ್ಕುದೇ, ನಮ್ಮವರು ಎನ್ನುವವರು ಅಲ್ಲಿ ಸಿಗುವರೇ, ಮತ್ತು ಪಕ್ಕದ ಮನೆಯವರು ಮಗಳ ಹದಿನೈದನೆಯ ಹುಟ್ಟುಹಬ್ಬಕ್ಕೆ ಕರೆದಿದ್ದಾರಲ್ಲ, ಸಸ್ಯಾಹಾರಿಗಳಾದ ನಾವು ಹೋಗಬಹುದೇ. ನಾನು ಅದೇ ಊರಿನಲ್ಲಿ ಬಹಳ ವರ್ಷಗಳಿಂದ ಇರುವವಳು, ಮಕ್ಕಳನ್ನು ಇಲ್ಲಿನ ಶಾಲೆಗಳಲ್ಲಿಯೇ ಓದಿಸಿದವಳು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಧಾರಾಳವಾಗಿ ಇರಬಹುದು. ನಸುಕಿನಲ್ಲಿ ಪಾಳಿಗೆ ಹೊರಡುವವರ ಪಿಕಪ್ ಗಾಡಿಗಳ ಸದ್ದು ಕೇಳುತ್ತದೆ, ಶನಿವಾರ ರಾತ್ರಿ ಅಕಾರ್ಡಿಯನ್ ಸಂಗೀತ ತುಸು ಜೋರಾಗಿರುತ್ತದೆ. ಇವೆರಡನ್ನು ಬಿಟ್ಟರೆ ದೂರುವುದಕ್ಕೆ ನನಗೆ ಏನೂ ತೋಚುವುದಿಲ್ಲ. ಬೆಂಟನ್‌ವಿಲ್‌ನ ಕಚೇರಿಗೆ ಹೆದ್ದಾರಿ 49ರಲ್ಲಿ ಸುಮಾರು 30 ಕಿಲೋಮೀಟರ್ ಆಗುತ್ತದೆ, ಬೆಳಗಿನ ಹೊತ್ತು ದಟ್ಟಣೆ ಇದ್ದೇ ಇರುತ್ತದೆ. ಹೆದರಿಸಿದ ಸಹೋದ್ಯೋಗಿ ಆ ಬೀದಿಯಲ್ಲಿ ಒಮ್ಮೆಯಾದರೂ ನಡೆದಾಡಿದ್ದಾರೆಯೇ ಎಂದು ನಿಮ್ಮ ಯಜಮಾನರು ವಿಚಾರಿಸಿದರೆ ಒಳ್ಳೆಯದು.

ಎರಡನೆಯ ಪ್ರಶ್ನೆಗೆ ಉತ್ತರಿಸುವ ಮುನ್ನ ಆ ನೆರೆಹೊರೆಯವರು ಇಲ್ಲಿಗೆ ಹೇಗೆ ಬಂದರೆಂಬುದನ್ನು ಹೇಳಬೇಕು. ಏಕೆಂದರೆ ಹೊಸ ಊರಿನಲ್ಲಿ ಬಳಗ ಕಟ್ಟಿಕೊಳ್ಳುವ ವಿಷಯದಲ್ಲಿ ನಾನು ಕಲಿತದ್ದರ ಬಹುಪಾಲು ಅವರಿಂದ. 1990ರಲ್ಲಿ ಇಡೀ ಅರ್ಕಾನ್ಸಾಸ್ ರಾಜ್ಯದಲ್ಲಿ ಹಿಸ್ಪ್ಯಾನಿಕ್ ಜನ, ಎಂದರೆ ಸ್ಪ್ಯಾನಿಷ್ ಮಾತನಾಡುವ ದೇಶಗಳ ಮೂಲದವರು, ಇದ್ದದ್ದು ಸುಮಾರು 20 ಸಾವಿರ. ಹತ್ತು ವರ್ಷಗಳಲ್ಲಿ ಆ ಸಂಖ್ಯೆ ಸುಮಾರು 87 ಸಾವಿರಕ್ಕೇರಿತು, 2010ರಲ್ಲಿ 1.86 ಲಕ್ಷವಾಯಿತು, 2020ರ ಜನಗಣತಿಯ ವೇಳೆಗೆ ಎರಡೂವರೆ ಲಕ್ಷ ದಾಟಿತು. ಒಂದು ಕಾಲಕ್ಕೆ ಹೆಚ್ಚುಕಡಿಮೆ ಪೂರ್ತಿಯಾಗಿ ಬಿಳಿಯರದ್ದೇ ಆಗಿದ್ದ ಸ್ಪ್ರಿಂಗ್‌ಡೇಲ್‌ನಲ್ಲಿ ಇಂದು ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಆ ಸಮುದಾಯದವರು.

ಕಾರಣ ಕೋಳಿ ಮಾಂಸದ ಉದ್ಯಮ. ಟೈಸನ್ ಫುಡ್ಸ್ ಕಂಪನಿಯ ಕೇಂದ್ರ ಕಚೇರಿ ಇರುವುದು ಸ್ಪ್ರಿಂಗ್‌ಡೇಲ್‌ನಲ್ಲಿಯೇ, ಸುತ್ತಲಿನ ಊರುಗಳಲ್ಲಿ ಬೇರೆ ಕಂಪನಿಗಳ ಕಾರ್ಖಾನೆಗಳೂ ಇವೆ. ಕೊರೆಯುವ ಚಳಿಯ ಕೋಣೆಯಲ್ಲಿ ಚಾಕು ಹಿಡಿದು, ಮುಂದೆ ಸಾಗುತ್ತಲೇ ಇರುವ ಸಾಲಿನ ಕೋಳಿಗಳ ಮೇಲೆ ಪಾಳಿ ಮುಗಿಯುವ ತನಕ ಒಂದೇ ಕೊಯ್ತವನ್ನು ಮತ್ತೆ ಮತ್ತೆ ಹಾಕುವ ಆ ಕೆಲಸಕ್ಕೆ ಸ್ಥಳೀಯರು ಸಾಕಷ್ಟು ಸಿಗುತ್ತಿರಲಿಲ್ಲ. ಅತ್ತ 1986ರ ವಲಸೆ ಕಾನೂನಿನಿಂದ ಸುಮಾರು 27 ಲಕ್ಷ ಜನರಿಗೆ ಕಾಯಂ ಕಾಗದಪತ್ರ ದೊರೆತು, ಕ್ಯಾಲಿಫೋರ್ನಿಯಾದ ಹೊಲಗಳಲ್ಲಿಯೋ ಟೆಕ್ಸಸ್‌ನ ಗಡಿ ಊರುಗಳಲ್ಲಿಯೋ ಅಡಗಿಕೊಂಡಂತೆ ಇದ್ದವರು ದೇಶದ ಬೇರೆಡೆಗೂ ಧೈರ್ಯವಾಗಿ ಹೋಗುವಂತಾಯಿತು. 1990ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಕಡಿಮೆಯಾಯಿತು. 1994ರಲ್ಲಿ ಅಲ್ಲಿನ ಮತದಾರರು ಕಾಗದಪತ್ರವಿಲ್ಲದವರಿಗೆ ಸರ್ಕಾರಿ ಶಾಲೆಯೂ ಇಲ್ಲ, ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಚಿಕಿತ್ಸೆಯೂ ಇಲ್ಲ ಎಂಬ ಪ್ರಸ್ತಾವವನ್ನು ಅಂಗೀಕರಿಸಿದರು. ನ್ಯಾಯಾಲಯ ಅದನ್ನು ತಡೆಹಿಡಿಯಿತಾದರೂ ಜನರ ಮನಸ್ಸು ಅಷ್ಟರಲ್ಲಿ ಮುರಿದಿತ್ತು. ಇಲ್ಲಿ ವರ್ಷವಿಡೀ ನಡೆಯುವ ಕೆಲಸವಿತ್ತು, ಗಂಡಹೆಂಡಿರಿಬ್ಬರೂ ದುಡಿದರೆ ಸ್ವಂತ ಮನೆ ಕೊಳ್ಳುವಷ್ಟು ಅಗ್ಗದ ಬೆಲೆಯಿತ್ತು. ಮೊದಲು ಬಂದವನು ತಮ್ಮನನ್ನು ಕರೆದ, ತಮ್ಮ ಭಾವಮೈದನನ್ನು ಕರೆದ, ಹೀಗೆ ಮೆಕ್ಸಿಕೋದ ಊರು ಊರುಗಳೇ ಇಲ್ಲಿಗೆ ಬಂದು ನೆಲೆಸಿದವು. ಅಂತರ್ಯುದ್ಧದಿಂದ ನಲುಗಿದ ಎಲ್ ಸಾಲ್ವಡಾರ್‌ನವರೂ ಬಹಳ ಮಂದಿ ಸ್ಪ್ರಿಂಗ್‌ಡೇಲ್‌ಗೆ ಬಂದಿದ್ದಾರೆ. ಸರ್ಕಾರದ ಲೆಕ್ಕದಲ್ಲಿ ಇವರೆಲ್ಲ ಒಂದೇ ಗುಂಪು. ಆದರೆ ಸಾಲ್ವಡಾರ್‌ನವರನ್ನು ಮೆಕ್ಸಿಕೋದವರೆಂದು ಕರೆದರೆ, ಕನ್ನಡಿಗರನ್ನು ಮದ್ರಾಸಿಗಳೆಂದಾಗ ನಮ್ಮ ಮುಖ ಹೇಗಾಗುತ್ತದೆಯೋ ಅವರ ಮುಖವೂ ಹಾಗೆಯೇ ಆಗುತ್ತದೆ. ಇದೇ ಊರಿನಲ್ಲಿ ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳ ಜನರೂ ಸಾವಿರಾರು ಸಂಖ್ಯೆಯಲ್ಲಿದ್ದಾರೆ, ಅವರ ದೇಶದ ಕಾನ್ಸುಲೇಟ್ ಕಚೇರಿಯೇ ಇಲ್ಲಿದೆ. ನಿಮ್ಮ ಮಕ್ಕಳ ತರಗತಿಯಲ್ಲಿ ಎರಡು ಭಾಷೆ ಆಡುವ ಮಕ್ಕಳು ಬೇಕಾದಷ್ಟಿರುತ್ತಾರೆ, ಇಂಗ್ಲಿಷ್ ತಡವರಿಸಿದರೆ ನಗುವವರು ಕಡಿಮೆ.

ಈಗ ಬಳಗದ ಮಾತು. ನಾವು ವಿದೇಶಕ್ಕೆ ಬಂದ ಕೂಡಲೇ ಹುಡುಕುವುದು ಕನ್ನಡ ಸಂಘವನ್ನು. ಈ ಪ್ರದೇಶದಲ್ಲಿ ಕನ್ನಡಿಗರು ಇದ್ದಾರೆ, ದೇವಸ್ಥಾನವೂ ಇದೆ, ಯುಗಾದಿಗೂ ರಾಜ್ಯೋತ್ಸವಕ್ಕೂ ಸೇರುತ್ತೇವೆ, ಬಿಸಿಬೇಳೆಬಾತು ಉಂಡು ಮಕ್ಕಳ ನೃತ್ಯ ನೋಡಿ ಮನೆಗೆ ಬರುತ್ತೇವೆ. ಇದು ಬೇಕು, ನಾನು ಬೇಡವೆನ್ನುವುದಿಲ್ಲ. ಆದರೆ ವರ್ಷಕ್ಕೆ ನಾಲ್ಕಾರು ಸಲ ರೇಷ್ಮೆ ಸೀರೆ ಉಟ್ಟು ಸೇರುವವರ ಹತ್ತಿರ, ಮಗುವಿಗೆ ನಡುರಾತ್ರಿ ಜ್ವರ ಏರಿದಾಗ ಸಹಾಯ ಕೇಳಲು ನಮಗೆ ಸಂಕೋಚವಾಗುತ್ತದೆ. ಕಂಪನಿಯ ಸಂಬಳ, ಕಂಪನಿಯ ವಿಮೆ, ಕಂಪನಿಯ ವಕೀಲರು ಇರುವಾಗ ಮತ್ತೊಬ್ಬರ ಹಂಗು ನಮಗೆ ಬೇಕಾಗುವುದೇ ಇಲ್ಲ, ಹಾಗಾಗಿ ಸಂಬಂಧವೂ ಗಟ್ಟಿಯಾಗುವುದಿಲ್ಲ. ನಮ್ಮ ನೆರೆಯವರಿಗೆ ಅಂಥ ಆಸರೆ ಇರಲಿಲ್ಲ. ಒಬ್ಬರಿಗೊಬ್ಬರು ಋಣಿಯಾಗುವುದನ್ನೇ ಅವರು ಒಂದು ವ್ಯವಸ್ಥೆಯಾಗಿ ಇಟ್ಟುಕೊಂಡಿದ್ದಾರೆ.

ಅವರ ‘ತಾಂದಾ’ವನ್ನು ನೋಡಿ. ಹತ್ತು ಮಂದಿ ಸೇರಿ ತಿಂಗಳಿಗೆ 200 ಡಾಲರ್‌ನಂತೆ ಹಾಕುತ್ತಾರೆ, ಪ್ರತಿ ತಿಂಗಳೂ ಒಬ್ಬರ ಕೈಗೆ 2,000 ಡಾಲರ್ ಬರುತ್ತದೆ. ನಮ್ಮ ಚೀಟಿಯೇ ಸರಿ, ಹರಾಜು ಮಾತ್ರ ಇಲ್ಲ. ಯಾರ ಸರದಿ ಯಾವಾಗ ಎಂಬುದು ಮೊದಲೇ ಗೊತ್ತಾಗಿರುತ್ತದೆ, ಯಾರ ಮನೆಯಲ್ಲಾದರೂ ಹೆರಿಗೆಯೋ ಸಾವೋ ಆದರೆ ಸರದಿಯನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಬಡ್ಡಿಯಿಲ್ಲ, ಬರಹವೂ ಇಲ್ಲ. ಕಾರಿನ ಮುಂಗಡವೋ ತೋಟಗಾರಿಕೆ ಕೆಲಸದ ಯಂತ್ರವೋ ಹೀಗೆ ಕೂಡಿಬಂದ ಹಣದಲ್ಲಿಯೇ ಮನೆಗೆ ಬಂದಿರುತ್ತದೆ.

ಎರಡನೆಯ ನೆಲೆ ಚರ್ಚು. ಸ್ಪ್ರಿಂಗ್‌ಡೇಲ್‌ನ ಸೇಂಟ್ ರಫೇಲ್, ರೋಜರ್ಸ್‌ನ ಸೇಂಟ್ ವಿನ್ಸೆಂಟ್ ಡಿ ಪಾಲ್ ಎಂಬ ಕ್ಯಾಥೊಲಿಕ್ ಚರ್ಚುಗಳಲ್ಲಿ ಸ್ಪ್ಯಾನಿಷ್ ಪೂಜೆಗೆ ಜನ ಕಿಕ್ಕಿರಿಯುತ್ತಾರೆ. ಡಿಸೆಂಬರ್ 12 ಗ್ವಾದಲೂಪೆ ಮಾತೆಯ, ಎಂದರೆ ಮೆಕ್ಸಿಕೋದವರು ಆರಾಧಿಸುವ ಮೇರಿ ಮಾತೆಯ ಹಬ್ಬ. ಅಂದು ಬೆಳಕು ಹರಿಯುವ ಮುನ್ನವೇ ಹಾಡುವವರೂ, ಕಾಲಿಗೆ ಗೆಜ್ಜೆಯಂಥ ಕಾಯಿಗಳನ್ನು ಕಟ್ಟಿ ಕುಣಿಯುವವರೂ ಅಲ್ಲಿ ನೆರೆಯುತ್ತಾರೆ, ಪಾಳಿ ಮುಗಿಸಿದವರು ಕೆಲಸದ ಬಟ್ಟೆಯಲ್ಲಿಯೇ ಬಂದು ನಿಲ್ಲುವುದನ್ನೂ ಕಂಡಿದ್ದೇನೆ. ಹೊಸದಾಗಿ ಬಂದ ಕುಟುಂಬಕ್ಕೆ ಬಾಡಿಗೆ ಮನೆ ಯಾವುದು, ಯಾವ ಕಾರ್ಖಾನೆಯಲ್ಲಿ ಜನ ಬೇಕಾಗಿದ್ದಾರೆ, ಯಾವ ವೈದ್ಯರು ಸ್ಪ್ಯಾನಿಷ್ ಬಲ್ಲರು, ಇದೆಲ್ಲ ತಿಳಿಯುವುದು ಪೂಜೆ ಮುಗಿದ ಮೇಲಿನ ಅರ್ಧ ಗಂಟೆಯಲ್ಲಿ. ಚರ್ಚಿಗೆ ಹೋಗದ ಗಂಡಸರಿಗೆ ಭಾನುವಾರದ ಫುಟ್‌ಬಾಲ್ ಮೈದಾನ ಅದೇ ಕೆಲಸ ಮಾಡುತ್ತದೆ.

ಇಷ್ಟೆಲ್ಲ ಇದ್ದರೂ ಅವರ ಬದುಕು ಸಲೀಸೆಂದು ಭಾವಿಸಬೇಡಿ. 2007ರಲ್ಲಿ ಸ್ಪ್ರಿಂಗ್‌ಡೇಲ್ ಮತ್ತು ರೋಜರ್ಸ್‌ನ ಪೊಲೀಸರೂ ಎರಡು ಜಿಲ್ಲೆಗಳ ಶೆರಿಫ್ ಕಚೇರಿಗಳೂ ವಲಸೆಯ ಕಾಗದಪತ್ರ ಪರಿಶೀಲಿಸುವ ಅಧಿಕಾರಕ್ಕಾಗಿ ಕೇಂದ್ರದ ವಲಸೆ ಇಲಾಖೆಯೊಡನೆ ಒಪ್ಪಂದ ಮಾಡಿಕೊಂಡಾಗ, ಗಾಡಿಯ ಹಿಂದಿನ ದೀಪ ಕೆಟ್ಟಿದ್ದಕ್ಕೆ ತಡೆದರೂ ಗಡೀಪಾರಾಗಬಹುದೆಂಬ ಭಯ ಮನೆಮನೆಗೆ ಹಬ್ಬಿತು. 2020ರ ಕೋವಿಡ್ ಮೊದಲ ಅಲೆಯಲ್ಲಿ ಈ ಜಿಲ್ಲೆಗಳ ರೋಗಿಗಳಲ್ಲಿ ಹಿಸ್ಪ್ಯಾನಿಕ್ ಮತ್ತು ಮಾರ್ಷಲ್ ದ್ವೀಪದ ಜನರ ಪಾಲು ಅವರ ಜನಸಂಖ್ಯೆಗೆ ಹೋಲಿಸಿದರೆ ಬಹಳ ಹೆಚ್ಚಿತ್ತು. ಕೋಳಿ ಕಾರ್ಖಾನೆಯ ಕೆಲಸವನ್ನು ಮನೆಯಿಂದ ಮಾಡಲಾಗುವುದಿಲ್ಲವಲ್ಲ. ಇನ್ನೊಂದು ಕಡೆ, ಬಾಲ್ಯದಲ್ಲಿ ಕಾಗದಪತ್ರವಿಲ್ಲದೆ ಬಂದು ತಾತ್ಕಾಲಿಕ ರಕ್ಷಣೆ ಪಡೆದ ಯುವಜನರಿಗೆ ದಾದಿಯರ ಪರವಾನಗಿ ಕೊಡಲು ಇದೇ ರಾಜ್ಯ 2019ರಲ್ಲಿ ಕಾನೂನು ಮಾಡಿತು. ಒಂದೇ ಮನೆಯಲ್ಲಿ ತಂದೆಗೆ ಗ್ರೀನ್ ಕಾರ್ಡ್, ತಾಯಿಗೆ ಏನೂ ಇಲ್ಲ, ಮಕ್ಕಳು ಹುಟ್ಟು ನಾಗರಿಕರು ಎಂಬ ಸ್ಥಿತಿ ಇಲ್ಲಿ ಅಪರೂಪವಲ್ಲ. ಆದ್ದರಿಂದ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ನಾವು ನಾವು ಸೇರಿದಾಗ “ನಿಮ್ಮದು ಯಾವ ವೀಸಾ” ಎಂದು ಸಲೀಸಾಗಿ ಕೇಳುತ್ತೇವೆ, ಆ ಪ್ರಶ್ನೆಯನ್ನು ನೆರೆಯವರಿಗೆ ಎಂದೂ ಕೇಳಬೇಡಿ. ತಾವಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ, ಮತ್ತೊಬ್ಬರಿಗೆ ದಾಟಿಸಬೇಡಿ.

ನಿಮ್ಮ ಪತ್ರದ ಸಾಲುಗಳ ನಡುವೆ ಕಂಡ ಇನ್ನೊಂದು ಆತಂಕ ನಿಮ್ಮ ಒಂಟಿತನದ್ದು. ಕೆಲಸದ ವೀಸಾ ಪಡೆದವರ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಬರುವವರು ಕೂಡಲೇ ಕೆಲಸ ಮಾಡುವಂತಿಲ್ಲ. 2015ರಿಂದ ಇರುವ ನಿಯಮದಂತೆ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ ಮೇಲೆ ಅನುಮತಿ ಕೇಳಬಹುದು. ಯಾವ ದೇಶಕ್ಕೂ ವರ್ಷಕ್ಕೆ ಒಟ್ಟು ಸಂಖ್ಯೆಯ ಶೇಕಡಾ 7ಕ್ಕಿಂತ ಹೆಚ್ಚು ಕೊಡಬಾರದೆಂಬ ಮಿತಿ ಇರುವುದರಿಂದ ಭಾರತೀಯರಿಗೆ ಗ್ರೀನ್ ಕಾರ್ಡ್ ಬರುವುದಂತೂ ಬಹಳ ನಿಧಾನ. ಆ ವರ್ಷಗಳನ್ನು ತಾತ್ಕಾಲಿಕವೆಂದು ಭಾವಿಸಿ ಪೆಟ್ಟಿಗೆ ಬಿಚ್ಚದೆ ಕಳೆದ ಹೆಂಗಸರನ್ನು ಕಂಡಿದ್ದೇನೆ, ನೀವು ಹಾಗೆ ಮಾಡಬೇಡಿ. ಬಂದ ಕೂಡಲೇ ಕಾರು ಓಡಿಸಲು ಕಲಿಯಿರಿ, ಏಕೆಂದರೆ ಇಲ್ಲಿ ಬಸ್ಸು ಇದ್ದರೂ ಇಲ್ಲದಂತೆ. ಮಕ್ಕಳ ಶಾಲೆಯಲ್ಲಿ ತಾಯಂದಿರ ಇಂಗ್ಲಿಷ್ ತರಗತಿ ಇದೆಯೇ ಎಂದು ವಿಚಾರಿಸಿ. ನಿಮಗೆ ಇಂಗ್ಲಿಷ್ ಚೆನ್ನಾಗಿಯೇ ಬರಬಹುದು, ಆದರೂ ಹೋಗಿ. ಪಕ್ಕದ ಬೀದಿಯ ಹೆಂಗಸರ ಪರಿಚಯವಾಗಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಅಡುಗೆಯ ಸಾಮಾನಿಗೆ ಬೆಂಟನ್‌ವಿಲ್‌ವರೆಗೆ ಓಡುವ ಅಗತ್ಯ ಹೆಚ್ಚಾಗಿ ಬೀಳದು. ಸ್ಪ್ರಿಂಗ್‌ಡೇಲ್‌ನ ಮೆಕ್ಸಿಕನ್ ಅಂಗಡಿಗಳಲ್ಲಿ ಹಸಿಮೆಣಸಿನಕಾಯಿ, ಕೊತ್ತಂಬರಿ, ಸಿಪ್ಪೆಸಹಿತ ಹುಣಸೆಹಣ್ಣು, ಸೀಬೆ, ಪರಂಗಿ, ಹೆಪ್ಪುಗಟ್ಟಿಸಿದ ಬಾಳೆ ಎಲೆ ಎಲ್ಲವೂ ಇರುತ್ತವೆ. ‘ಪಿಲೋನ್ಸಿಯೊ’ ಎಂದು ಅಚ್ಚಿನಲ್ಲಿ ಬರುವ ಕಂದು ಬೆಲ್ಲ ಹೋಳಿಗೆಯ ಹೂರಣಕ್ಕೆ ಚೆನ್ನಾಗಿ ಹೊಂದುತ್ತದೆ. ನಮ್ಮ ಸೀಮೆಬದನೆಕಾಯಿ ಅಲ್ಲಿ ರಾಶಿ ಬಿದ್ದಿರುತ್ತದೆ, ಅದರ ತವರೇ ಮೆಕ್ಸಿಕೋದ ಕಡೆ. ತೊಗರಿಬೇಳೆ, ಉದ್ದಿನಬೇಳೆ, ಇಂಗುಗಳಿಗೆ ಮಾತ್ರ ಭಾರತೀಯ ಅಂಗಡಿಗೆ ಹೋಗಬೇಕು.

ಇನ್ನು ಹುಟ್ಟುಹಬ್ಬದ ಆಮಂತ್ರಣ. ಖಂಡಿತ ಹೋಗಿ. ಹದಿನೈದು ತುಂಬಿದ ಹುಡುಗಿಗೆ ಮಾಡುವ ‘ಕಿನ್ಸಿಯನ್ಯೇರಾ’ ನಮ್ಮ ಮದುವೆಯಷ್ಟೇ ದೊಡ್ಡ ಸಮಾರಂಭ: ಬೆಳಿಗ್ಗೆ ಚರ್ಚಿನಲ್ಲಿ ಪೂಜೆ, ಸಂಜೆ ಸಭಾಂಗಣದಲ್ಲಿ ಊಟ, ತಂದೆ ಮಗಳ ನೃತ್ಯ. ಇದರ ಖರ್ಚನ್ನು ಒಂದೇ ಮನೆ ಹೊರುವುದಿಲ್ಲ. ಕೇಕು ಒಬ್ಬರದು, ಕಿರೀಟ ಒಬ್ಬರದು, ವಾದ್ಯದವರ ಖರ್ಚು ಒಬ್ಬರದು, ಚಪ್ಪಲಿ ಬದಲಿಸುವ ಶಾಸ್ತ್ರದ ಎತ್ತರದ ಹಿಮ್ಮಡಿಯ ಪಾದರಕ್ಷೆಯೂ ಒಬ್ಬರದು. ಹೀಗೆ ಒಂದೊಂದನ್ನು ವಹಿಸಿಕೊಂಡವರನ್ನು ಪಾದ್ರಿನೋ, ಮಾದ್ರಿನಾ ಎಂದು ಕರೆದು, ಸಮಾರಂಭದಲ್ಲಿ ಹೆಸರು ಹೇಳಿ ಗೌರವಿಸುತ್ತಾರೆ, ಅಂದಿನಿಂದ ಆ ಮನೆಗಳು ಬಂಧುಗಳ ಹಾಗೆಯೇ ನಡೆದುಕೊಳ್ಳುತ್ತವೆ. ನಾಳೆ ಅವರ ಮನೆಯ ಹುಡುಗಿಗೆ ಹದಿನೈದು ತುಂಬಿದಾಗ ಈ ಮನೆಯವರು ಕೇಕನ್ನೋ ವಾದ್ಯವನ್ನೋ ವಹಿಸಿಕೊಳ್ಳುತ್ತಾರೆ. ನೀವು ಹೊಸಬರಾದ್ದರಿಂದ ನಿಮ್ಮಿಂದ ಏನನ್ನೂ ನಿರೀಕ್ಷಿಸುವುದಿಲ್ಲ. ಲಕೋಟೆಯಲ್ಲಿ ಸ್ವಲ್ಪ ಹಣವಿಟ್ಟು ಕೊಟ್ಟರೆ ಸಾಕು, ಬೇಕಾದರೆ ಮನೆಯಲ್ಲಿ ಮಾಡಿದ ಮೈಸೂರು ಪಾಕು ಒಯ್ಯಿರಿ.

ಊಟದ ವಿಷಯದಲ್ಲಿ ಮಾತ್ರ ಮೊದಲೇ ಹೋಗಿ ಬಿಡಿಸಿ ಹೇಳಿ. “ಮಾಂಸ ತಿನ್ನುವುದಿಲ್ಲ” ಎಂದಷ್ಟೇ ಅಂದರೆ ಕೋಳಿಯ ಸಾರಿನಲ್ಲಿ ಬೇಯಿಸಿದ ಅನ್ನವನ್ನೂ ಹಂದಿಯ ಕೊಬ್ಬಿನಲ್ಲಿ ಒಗ್ಗರಿಸಿದ ಹುರುಳಿಕಾಯಿ ಬೀಜದ ಪಲ್ಯವನ್ನೂ ಅಕ್ಕರೆಯಿಂದ ಬಡಿಸಿಬಿಡುತ್ತಾರೆ, ಅವರ ಲೆಕ್ಕದಲ್ಲಿ ಅದು ಮಾಂಸವಲ್ಲ. ಕೊಬ್ಬೂ ಬೇಡ, ಕೋಳಿಯ ಸಾರೂ ಬೇಡ, ಎಣ್ಣೆಯಲ್ಲಿ ಮಾಡಿದ್ದಾದರೆ ಆಗಬಹುದು ಎಂದು ಹುಡುಗಿಯ ಅಜ್ಜಿಗೆ ಹೇಳುವುದು ಒಳ್ಳೆಯದು, ಅಡುಗೆಮನೆಯ ತೀರ್ಮಾನ ಸಾಮಾನ್ಯವಾಗಿ ಅವರದೇ. ಚೀಸ್ ಹಾಕಿ ಮಡಿಸಿದ ಬಿಸಿ ಮೆಕ್ಕೆಜೋಳದ ರೊಟ್ಟಿ, ಅವರೆಕಾಯಿಯಷ್ಟು ಉದ್ದದ ಹಸಿಮೆಣಸಿನ ಉಪ್ಪಿನಕಾಯಿ, ಬೆಣ್ಣೆಹಣ್ಣಿನ ಗೊಜ್ಜು, ಇಷ್ಟನ್ನು ನಿಮಗಾಗಿ ಬೇರೆ ತೆಗೆದಿಟ್ಟಿರುತ್ತಾರೆ. ಆಮಂತ್ರಣದಲ್ಲಿ ಆರು ಗಂಟೆ ಎಂದಿದ್ದರೆ ಏಳಕ್ಕೆ ಹೋದರೆ ಸಾಕು, ಮಕ್ಕಳಿಗೆ ಹೊರಡುವ ಮುನ್ನ ಏನಾದರೂ ತಿನ್ನಿಸಿರಿ.