ಬೈಬಲೊಂದೇ ಸಾಕೇ, ಮಾಸ್ತರರೇ?

ಗುಳೇದಗುಡ್ಡದ ನಿವೃತ್ತ ಶಿಕ್ಷಕರೊಬ್ಬರು ಸಿಟ್ಟಿನಿಂದಲೇ ಒಂದು ಉದ್ದದ ಪತ್ರ ಬರೆದಿದ್ದಾರೆ. ಹಿಂದಿನ ಸಂಚಿಕೆಯಲ್ಲಿ ನಾವು ಬೆಳಗಾವಿ ಕ್ಯಾಂಪಿನ ಫಾತಿಮಾ ಕೆಥೆಡ್ರಲ್ ಬಗ್ಗೆ ಬರೆದಿದ್ದೆವು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಹುಟ್ಟಿದ್ದನ್ನೂ ಹೇಳಿದ್ದೆವು. ಅದರಲ್ಲಿ ‘ಮೊದಲ ಪೋಪ್ ಸಂತ ಪೇತ್ರ’ ಎಂಬ ಒಂದು ಸಾಲಿತ್ತು. ಪ್ರೊಟೆಸ್ಟಂಟರಾದ ಮಾಸ್ತರರ ತಕರಾರು ಅದಕ್ಕೇ. ಬೈಬಲಿನಲ್ಲಿ ಪೋಪ್ ಎಂಬ ಹುದ್ದೆಯೇ ಇಲ್ಲ, ಪೇತ್ರನನ್ನು ಪೌಲ ಎಲ್ಲರೆದುರು ತರಾಟೆಗೆ ತೆಗೆದುಕೊಂಡಿದ್ದಾನೆ, ದೇವರ ವಾಕ್ಯ ಕೈಯಲ್ಲಿರುವಾಗ ನಡುವೆ ರೋಮಿನವರು ಯಾಕೆ ಎನ್ನುವುದು ಪತ್ರದ ಸಾರ. ‘ಚರ್ಚಿನ ಒಳಗಿನ ವಿಷಯ ಹೊರಗಿನವರಾದ ನಿಮಗೇನು ತಿಳಿದೀತು?’ ಎಂದೂ ಕೇಳಿದ್ದಾರೆ.

ಹೊರಗಿನವನು, ಹೌದು. ಆದರೆ ವಿಜಯಪುರದ ಅಲಿ ಆದಿಲ್ ಶಾ ಕೂಡ ಹೊರಗಿನವನೇ. 1561ರಲ್ಲಿ ಅವನು ಗೋವೆಯಿಂದ ಪಾದ್ರಿಗಳನ್ನು ಕರೆಸಿಕೊಂಡು ಧರ್ಮದ ಚರ್ಚೆ ಮಾಡಿಸಿದ. ಸುಲ್ತಾನನಿಗೆ ಇದ್ದ ಕುತೂಹಲ ಸಂಪಾದಕನಿಗೂ ಇರಬಹುದು, ಅಲ್ವಾ?

ನಿಮಗೆ ಸಲ್ಲಬೇಕಾದ್ದನ್ನು ಮೊದಲು ಸಲ್ಲಿಸಿಬಿಡುತ್ತೇನೆ. ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಪೌಲ ಪೇತ್ರನನ್ನು ಮುಖಾಮುಖಿ ಎದುರಿಸಿದ್ದು ನಿಜ. ಪಾಪದ ಶಿಕ್ಷೆ ತಗ್ಗಿಸುವ ಚೀಟಿಯನ್ನು ಚರ್ಚಿನವರೇ ಮಾರುತ್ತಿದ್ದ ಕಾಲದಲ್ಲಿ, 1517ರಲ್ಲಿ, ಪ್ರೊಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಲೂಥರ್ ಎದ್ದು ನಿಂತದ್ದೂ ನ್ಯಾಯವೇ. ಇನ್ನು ಕನ್ನಡಕ್ಕೆ ನಿಮ್ಮವರು ಮಾಡಿದ ಉಪಕಾರ ದೊಡ್ಡದು. ಬಳ್ಳಾರಿಯಲ್ಲಿ ಕೂತು ಬೈಬಲನ್ನು ಕನ್ನಡಕ್ಕೆ ತಂದವರು, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್, 1851ರಲ್ಲಿ ನಿಮ್ಮೂರಿಗೇ ಬಂದು ನೆಲೆಸಿದ ಬಾಸೆಲ್ ಮಿಶನ್, ಇವರನ್ನೆಲ್ಲ ಮರೆಯುವ ಹಾಗಿಲ್ಲ. ಸರಿ, ಈಗ ನನ್ನ ಸರದಿ.

‘ಬೈಬಲೊಂದೇ ಸಾಕು’ ಎಂದಿದ್ದೀರಿ. ಆ ಬೈಬಲಿನಲ್ಲಿ ಯಾವ ಯಾವ ಪುಸ್ತಕ ಇರಬೇಕು ಅಂತ ತೀರ್ಮಾನಿಸಿದವರು ಯಾರು? ಯೇಸು ಪರಿವಿಡಿ ಬರೆದುಕೊಟ್ಟು ಹೋಗಲಿಲ್ಲ. ಮೊದಲ ಶತಮಾನಗಳಲ್ಲಿ ಎಷ್ಟೋ ಸುವಾರ್ತೆಗಳು, ಎಷ್ಟೋ ಪತ್ರಗಳು ಕೈಯಿಂದ ಕೈಗೆ ಓಡಾಡುತ್ತಿದ್ದವು. ಪೇತ್ರನ ಹೆಸರಿನಲ್ಲೇ ಒಂದು ಸುವಾರ್ತೆ ಇತ್ತು. ನೀವು ಇವತ್ತು ಓದುವ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಹಾಗೆಯೇ ಮೊದಲು ಕಾಣುವುದು 367ರಲ್ಲಿ, ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಬರೆದ ಈಸ್ಟರ್ ಪತ್ರದಲ್ಲಿ. ಆಮೇಲೆ 397ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್‌ರ ಸಭೆ ಅದನ್ನೇ ಒಪ್ಪಿತು. ಪಟ್ಟಿ ಬರೆದವರು ಬಿಷಪ್‌ರು, ಒಪ್ಪಿದ್ದು ಸಭೆ. ಅವರ ಪಟ್ಟಿ ಬೇಕು, ಅವರ ಮಾತು ಬೇಡ ಅಂದರೆ ಹೇಗೆ? ಲೂಥರ್‌ಗೇ ಈ ಪಟ್ಟಿಯ ಮೇಲೆ ಪೂರ್ತಿ ಸಮಾಧಾನ ಇರಲಿಲ್ಲ. 1522ರ ತನ್ನ ಅನುವಾದದಲ್ಲಿ ಇಬ್ರಿಯ, ಯಾಕೋಬ, ಯೂದ, ಪ್ರಕಟನೆ ಈ ನಾಲ್ಕನ್ನು ಕೊನೆಗೆ ತಳ್ಳಿದ. ಯಾಕೋಬನ ಪತ್ರವನ್ನು ಹುಲ್ಲಿನ ಪತ್ರ ಎಂದ. ಇವತ್ತಿಗೂ ನಿಮ್ಮ ಬೈಬಲಿನಲ್ಲಿ 66 ಪುಸ್ತಕ, ಕಥೋಲಿಕರದ್ದರಲ್ಲಿ 73. ಆ ಏಳರ ಜಗಳವನ್ನು ಬೈಬಲ್ ಓದಿ ಬಗೆಹರಿಸುವುದು ಸಾಧ್ಯವೇ?

ಕ್ಯಾಂಪಿನಲ್ಲಿ ನನಗೆ ಪರಿಚಯದ ಫಾದರ್ ಒಬ್ಬರಿದ್ದಾರೆ. ಈ ಮಾತು ತೆಗೆದಾಗ ಅವರು ನಕ್ಕು, ‘ಅವರು ನಮ್ಮ ಪುಸ್ತಕ ಎರವಲು ತಗೊಂಡು ನಮಗೇ ಪಾಠ ಹೇಳ್ತಾರ್ರೀ’ ಎಂದರು. ಸ್ವಲ್ಪ ಜಾಸ್ತಿಯೇ ಆಯಿತು, ಆದರೆ ಪೂರ್ತಿ ಸುಳ್ಳಲ್ಲ.

ಮತ್ತಾಯ 16ರಲ್ಲಿ ‘ಈ ಬಂಡೆಯ ಮೇಲೆ ನನ್ನ ಸಭೆಯನ್ನು ಕಟ್ಟುವೆನು’ ಎಂದು ಯೇಸು ಪೇತ್ರನಿಗೆ ಹೇಳುತ್ತಾನೆ. ಆ ಬಂಡೆ ಎಂದರೆ ಪೇತ್ರನೋ ಅವನ ನಂಬಿಕೆಯೋ ಎಂಬ ಜಗ್ಗಾಟಕ್ಕೆ ನಾನು ಇಳಿಯುವುದಿಲ್ಲ. ಅದರ ಮುಂದಿನ ವಚನ ನೋಡಿ. ಪರಲೋಕ ರಾಜ್ಯದ ಬೀಗದ ಕೈಯನ್ನು ಯೇಸು ಪೇತ್ರನಿಗೆ ಕೊಡುತ್ತಾನೆ. ಇದಕ್ಕೆ ಹಿಂದಿನ ಕಥೆಯೊಂದಿದೆ, ಯೆಶಾಯ 22ರಲ್ಲಿ. ಅರಮನೆಯ ಮೇಲ್ವಿಚಾರಕ ಶೆಬ್ನನನ್ನು ಕೆಲಸದಿಂದ ತೆಗೆದು, ದಾವೀದನ ಮನೆಯ ಬೀಗದ ಕೈಯನ್ನು ಎಲ್ಯಾಕೀಮನ ಹೆಗಲಿಗೆ ಹಾಕುತ್ತಾರೆ. ಆಳು ಬದಲಾದ, ಹುದ್ದೆ ಉಳಿಯಿತು. ಪೇತ್ರ ಸತ್ತ ಮೇಲೆ ಆ ಬೀಗದ ಕೈ ಇನ್ನೊಬ್ಬರಿಗೆ ಹೋಯಿತು ಎಂದು ಕಥೋಲಿಕರು ಹೇಳುವುದು ಇಲ್ಲಿಂದಲೇ. ಅದರ ಜೊತೆಗೇ ಪೇತ್ರನಿಗೆ ಕೊಟ್ಟ ಕಟ್ಟುವ, ಬಿಚ್ಚುವ ಅಧಿಕಾರ, ಅಂದರೆ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂದು ಹೇಳುವ ಅಧಿಕಾರ, ಮತ್ತಾಯ 18ನೇ ಅಧ್ಯಾಯದಲ್ಲಿ ಎಲ್ಲ ಶಿಷ್ಯರಿಗೂ ಸಿಕ್ಕಿದೆ ಎನ್ನುತ್ತೀರಿ. ಸಿಕ್ಕಿದೆ. ಬೀಗದ ಕೈಯ ಮಾತು ಮಾತ್ರ ಅಲ್ಲಿಲ್ಲ.

ಪೋಪ್ ಬಾಯಿ ಬಿಟ್ಟರೆ ದೇವವಾಣಿ ಎಂದು ಕಥೋಲಿಕರೂ ಹೇಳುವುದಿಲ್ಲ. ತಪ್ಪಿಗೆ ಎಡೆಯಿಲ್ಲದಂತೆ ಬೋಧಿಸುವ ಪೋಪ್‌ರ ಅಧಿಕಾರವನ್ನು ವ್ಯಾಟಿಕನ್ ಸಭೆ 1870ರಲ್ಲಿ ಘೋಷಿಸಿತು. ಆಮೇಲೆ ಅದನ್ನು ವಿಧಿವತ್ತಾಗಿ ಬಳಸಿದ್ದು ಒಂದೇ ಸಲ, 1950ರಲ್ಲಿ, ಯೇಸುವಿನ ತಾಯಿ ಮರಿಯಮ್ಮನವರು ದೇಹಸಮೇತ ಸ್ವರ್ಗ ಸೇರಿದರು ಎನ್ನುವ ವಿಷಯಕ್ಕೆ. ನಮ್ಮ ಕಡೆಯ ಪುಢಾರಿಗಳು ಅದನ್ನು ದಿನಕ್ಕೆ ಹತ್ತು ಸಲ ಚಲಾಯಿಸುತ್ತಾರೆ.

ಯಾರ ಹಂಗೂ ಇಲ್ಲದೆ ಓದಿದರೆ ಏನಾಗುತ್ತದೆ? 1529ರಲ್ಲಿ ಜರ್ಮನಿಯ ಮಾರ್ಬುರ್ಗ್ ಕೋಟೆಯಲ್ಲಿ ಲೂಥರ್ ಮತ್ತು ಸ್ವಿಟ್ಜರ್‌ಲೆಂಡಿನ ಸುಧಾರಕ ಜ್ವಿಂಗ್ಲಿ ಎದುರುಬದುರು ಕೂತರು. ಇಬ್ಬರೂ ರೋಮನ್ನು ಬಿಟ್ಟವರು, ಇಬ್ಬರ ಕೈಯಲ್ಲೂ ಅದೇ ಬೈಬಲ್. ಹದಿನೈದು ಅಂಶಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿದರು. ರೊಟ್ಟಿಯಲ್ಲಿ ಯೇಸುವಿನ ದೇಹ ನಿಜವಾಗಿ ಇದೆಯೋ ಇಲ್ಲವೋ ಎನ್ನುವಲ್ಲಿ ಮುರಿದುಬಿತ್ತು. ಕೊನೆಯ ತೀರ್ಪು ಹೇಳುವವರು ಯಾರೂ ಇರಲಿಲ್ಲ. 1517ರಿಂದ ಬರೀ ಹನ್ನೆರಡು ವರ್ಷ, ಮಾಸ್ತರರೇ.

ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯ ನನಗೆ ಬಹಳ ಇಷ್ಟ. ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿಯನ್ನು ಫಿಲಿಪ್ಪ ಕೇಳುತ್ತಾನೆ, ಓದುತ್ತಿರುವುದು ಅರ್ಥವಾಗುತ್ತದೆಯೇ ಎಂದು. ಯಾರಾದರೂ ತಿಳಿಸಿಕೊಡದಿದ್ದರೆ ಹೇಗೆ ಆದೀತು ಎನ್ನುತ್ತಾನೆ ಆತ. ಮೂವತ್ತೈದು ವರ್ಷ ಪಾಠ ಹೇಳಿದೆ ಎಂದು ಪತ್ರದಲ್ಲಿ ಬರೆದವರು ನೀವು. ಪಠ್ಯಪುಸ್ತಕ ಹಂಚಿ ಸುಮ್ನೆ ಮನೆಗೆ ಹೋಗಿದ್ದಿರಾ?

ನನಗೆ ಇಷ್ಟೊಂದು ಉರಿ ಯಾಕೆ ಎಂದರೆ, ಚರ್ಚಿನ ಆಚೆಗೂ ಇದೇ ಕಥೆ: ಪುಸ್ತಕ ಬೇಕು, ಅದನ್ನು ಶೋಧಿಸಿ ಕಾಯ್ದವರ ಮಾತು ಬೇಡ. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತ, ಮನೆ ಮನೆ ತಿರುಗಿ ಓಲೆಗರಿ ಕಲೆಹಾಕಿದರು. ಕೂತು ಶೋಧಿಸಿದರು. 1923ರಲ್ಲಿ ವಚನಗಳ ಸಂಗ್ರಹ ಬೆಳಗಾವಿಯಲ್ಲಿ ಅಚ್ಚಾಯಿತು. ಈಗ ಆ ಶ್ರಮ ಯಾರಿಗೆ ಬೇಕು? ಮೊನ್ನೆ ಮುದ್ದೇಬಿಹಾಳದ ಒಂದು ಸಮಾರಂಭದಲ್ಲಿ ಭಾಷಣಕಾರರು ಮೊಬೈಲ್ ನೋಡಿಕೊಂಡು ಬಸವಣ್ಣನ ವಚನ ಓದಿದರು. ಭಾಷೆ ಹೋದ ತಿಂಗಳದ್ದು, ಕೊನೆಗೆ ಮಾತ್ರ ‘ಕೂಡಲಸಂಗಮದೇವ’. ಚಪ್ಪಾಳೆ ಬಿತ್ತು. ಯಾವ ಸಂಪುಟದಲ್ಲಿದೆ ಎಂದು ಕೇಳಿದರೆ, ‘ವಾಟ್ಸಾಪಿನಲ್ಲಿ ಬಂದಿತ್ತು ಸರ್’ ಎಂದರು. ಅಂಕಿತವನ್ನೇ ಬದಲಿಸಿದ ಒಂದು ವಚನ ಸಂಗ್ರಹವನ್ನು ಸರಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ಅದು ಸರಿಯೆಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 2017 ಆಗಿತ್ತು. ಮನೆಯಲ್ಲಿ ಹಿರಿಯರ ಮಾತು ನಡೆಯದಿದ್ದರೆ ವಕೀಲರ ಮಾತು ನಡೆಯುತ್ತದೆ.

ಪ್ರೂಫ್ ತಿದ್ದುವವನಿಗೆ ಈಗ ಮರ್ಯಾದೆ ಇಲ್ಲ. ಕವಿತೆಯ ಒಂದು ಸಾಲು ಮುಟ್ಟಿದರೆ ಕವಿ ಚಂದಾ ನಿಲ್ಲಿಸುತ್ತಾನೆ. ನೀವೂ ಚಂದಾ ನಿಲ್ಲಿಸುವ ಮಾತಾಡಿದ್ದೀರಿ. ಬೇಡ. ಬೈಬಲನ್ನು ನಿಮ್ಮಷ್ಟು ಚೆನ್ನಾಗಿ ಓದಿದ ಚಂದಾದಾರರು ನಮಗೆ ಜಾಸ್ತಿ ಇಲ್ಲ. ಗುಳೇದಗುಡ್ಡದ ನಿಮ್ಮ ಸಭೆಯ ಹಳೆಯ ಸಂಗತಿಗಳನ್ನು ಬರೆದು ಕಳಿಸಿ. ಸಾವಿರ ಪದ ಮೀರದಿರಲಿ. ತಿದ್ದುವ ಹಕ್ಕು ಸಂಪಾದಕರದ್ದು, ಅದಕ್ಕೆ ಮಾತ್ರ ಬೈಬಲಿನ ಆಧಾರ ಕೇಳಬೇಡಿ.